ಗವರ್ನರ್ ಹಿತ್ತಲಿನ ನಾಲ್ಕು ಕರಡಿ: ಒಂದು ಬರ್ಡ್ ಫೀಡರ್ ಪ್ರಕರಣ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡು ವರ್ಮಾಂಟ್ ಅನ್ನೋ ಸಣ್ಣ ರಾಜ್ಯ ಇದೆ. 2012ರ ಏಪ್ರಿಲ್ ಎರಡನೇ ವಾರ, ಒಂದು ಬುಧವಾರ ತಡರಾತ್ರಿ, ಆ ರಾಜ್ಯದ ಗವರ್ನರ್ ಪೀಟರ್ ಶಮ್ಲಿನ್ ಅವರನ್ನು ಅವರ ಮನೆ ಹಿತ್ತಲಲ್ಲೇ ಕರಡಿಯೊಂದು ಅಟ್ಟಿಸಿಕೊಂಡು ಬಂತು. ಆಗ ಮೈಮೇಲೆ ಬಟ್ಟೆ ಇರಲಿಲ್ಲ ಅನ್ನೋ ಸುಳಿವನ್ನೂ ಅವರೇ ಕೊಟ್ಟರು. ಸುದ್ದಿ ದೇಶವೆಲ್ಲ ಸುತ್ತಿದ್ದು ಬಟ್ಟೆಯ ಕಾರಣಕ್ಕೆ. ಜನ ನಕ್ಕರು, ಮುಂದೆ ಹೋದರು.

ನಗು ಮುಗಿದ ಮೇಲೆ ನೋಡಿದರೆ ಇದು ಒಳ್ಳೇ ಪ್ರಕರಣ. ಹಿತ್ತಲಲ್ಲಿ ಹಕ್ಕಿಗೆ ಕಾಳಿಡುವ ಬರ್ಡ್ ಫೀಡರ್, ಅದರ ವಾಸನೆ ಹಿಡಿದು ಬರುವ ಕರಡಿ, ಫೀಡರ್ ಉಳಿಸಿಕೊಳ್ಳಲು ಹೊರಗೆ ಓಡುವ ಮನೆಯವರು. ಉತ್ತರ ಅಮೆರಿಕದಲ್ಲಿ ಪ್ರತಿ ವಸಂತದಲ್ಲೂ ಇದು ನಡೆಯುತ್ತದೆ. ಈ ಸಲ ಮನೆಯವರು ಗವರ್ನರ್ ಆಗಿದ್ದರಿಂದ ಎಲ್ಲ ವಿವರ ದಾಖಲಾಯಿತು. ಅಷ್ಟೇ ವ್ಯತ್ಯಾಸ.

ಅಂದ ಹಾಗೆ, ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ. ಜನ ಓಟು ಹಾಕಿ ಆರಿಸುವ, ಆಡಳಿತ ನಡೆಸುವ ಹುದ್ದೆ. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೂ ವರ್ಮಾಂಟ್‌ನಲ್ಲಿ ಗವರ್ನರ್‌ಗೆ ಅಂತ ಸರ್ಕಾರಿ ಬಂಗಲೆ ಇಲ್ಲ. ಶಮ್ಲಿನ್ ಅವರ ಸ್ವಂತ ಊರು ರಾಜ್ಯದ ದಕ್ಷಿಣದ ಪಟ್ನಿ. ಕೆಲಸಕ್ಕಾಗಿ ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಆ ಮನೆಯ ಹಿತ್ತಲಲ್ಲಿ ಫೀಡರ್‌ಗಳು ತೂಗುತ್ತಿದ್ದವು.

ಆ ರಾತ್ರಿ ನಡೆದದ್ದು

ವಿವರವೆಲ್ಲ ಅವರೇ ಪತ್ರಿಕೆಯವರಿಗೆ ಹೇಳಿಕೊಂಡದ್ದು. ಮಲಗಿದ್ದರು. ಹೊರಗೆ ಸದ್ದಾಗಿ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ಫೀಡರ್ ಹತ್ತಿರ ನಾಲ್ಕು ಕರಡಿ. ಒಳಗಿನಿಂದಲೇ ಕೂಗಿ ಗದರಿಸಿದರು. ಕರಡಿಗಳು ಹಿಂದೆ ಸರಿದವು. ಹೋದವು ಅಂದುಕೊಂಡರು. ಮತ್ತೆ ಬಂದು ಫೀಡರ್ ಕಿತ್ತುಕೊಂಡು ಹೋಗುವ ಮೊದಲು ಒಳಗೆ ತಂದಿಡೋಣ ಅಂತ ಬರಿಗಾಲಲ್ಲಿ ಹೊರಗೆ ಹೋದರು. ಆಗ ಒಂದು ಕರಡಿ ತಿರುಗಿ ನೇರ ಅವರತ್ತ ನುಗ್ಗಿತು. ಅವರು ಒಳಗೆ ಓಡಿದರು. ಕರಡಿಗೂ ತಮಗೂ ಮೂರೇ ಅಡಿ ಉಳಿದಿತ್ತು ಅಂತ ಆಮೇಲೆ ಹೇಳಿದರು. ಗಾಯವೇನೂ ಆಗಲಿಲ್ಲ. ಆ ಹೊತ್ತಿನಲ್ಲಿ ಭದ್ರತಾ ಸಿಬ್ಬಂದಿ ಅಲ್ಲಿರಲಿಲ್ಲ.

ವರ್ಮಾಂಟ್ ತನ್ನ ಗವರ್ನರನ್ನೇ ಕಳೆದುಕೊಳ್ಳುವುದರಲ್ಲಿತ್ತು ಅಂತ ಅವರೇ ತಮಾಷೆ ಮಾಡಿದರು. ಮಲಗುವಾಗ ಏನು ಹಾಕಿಕೊಂಡಿದ್ದಿರಿ ಅಂತ ಕೇಳಿದವರಿಗೆ, ಅಸಲಿ ವರ್ಮಾಂಟ್ ಹುಡುಗರು ಪೈಜಾಮ ಹಾಕುವುದಿಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟರು. ಅದೇ ತಲೆಬರಹವಾಯಿತು.

ಈ ಕಥೆಯಲ್ಲಿ ಗಮನಿಸಬೇಕಾದ್ದು ಒಂದು ತಿರುವು. ಕಿಟಕಿಯಿಂದ ಕೂಗಿದ್ದು ಸರಿಯಾದ ಕೆಲಸ, ಅದು ಫಲವನ್ನೂ ಕೊಟ್ಟಿತ್ತು. ಪ್ರಕರಣ ಅಲ್ಲಿಗೆ ಮುಗಿಯಬಹುದಿತ್ತು. ಕೈಗೆ ಸಿಕ್ಕ ಆ ಗೆಲುವೇ ಅವರನ್ನು ಬಾಗಿಲಾಚೆ ಕರೆದುಕೊಂಡು ಹೋಯಿತು. ಅದನ್ನು ಬಿಡಿಸಿ ನೋಡುವ ಮೊದಲು, ನಾಲ್ಕು ಕರಡಿ ರಾಜಧಾನಿಯ ಹಿತ್ತಲಿಗೆ ಹೇಗೆ ಬಂದವು ಅನ್ನೋದನ್ನು ನೋಡಬೇಕು.

ರಾಜಧಾನಿ ಅಂದರೂ ಕಾಡಿನಂಚು

ಮಾಂಟ್‌ಪೀಲಿಯರ್ ಅಮೆರಿಕದ ಅತಿ ಚಿಕ್ಕ ರಾಜ್ಯ ರಾಜಧಾನಿ. 2010ರ ಜನಗಣತಿಯಲ್ಲಿ ಅಲ್ಲಿದ್ದವರು ಎಂಟು ಸಾವಿರಕ್ಕೂ ಕಡಿಮೆ. ನಮ್ಮ ಒಂದು ದೊಡ್ಡ ಹೋಬಳಿ ಊರಿನಷ್ಟು ಜನ. ಶಾಸನಸಭೆಯ ಕಟ್ಟಡಕ್ಕೆ ಚಿನ್ನದ ಬಣ್ಣದ ಗುಮ್ಮಟ ಇದೆ. ಗುಮ್ಮಟದ ಬೆನ್ನಿಗೇ ಮರ ತುಂಬಿದ ಗುಡ್ಡ. ಆ ಗುಡ್ಡದ ಮೇಲೆ ಹಬ್ಬರ್ಡ್ ಪಾರ್ಕ್ ಅಂತ ಸುಮಾರು 200 ಎಕರೆಯ ಕಾಡು. ಊರೊಳಗಿನ ಪಾರ್ಕ್ ಅಂದರೆ ಬೆಂಚು, ಕಾರಂಜಿ ಅಂದುಕೊಳ್ಳಬೇಡಿ. ಅದು ನಿಜವಾದ ಕಾಡು.

ಈ ಕಾಡಿಗೂ ಒಂದು ಕಥೆ ಇದೆ. 19ನೇ ಶತಮಾನದ ಮಧ್ಯದ ಹೊತ್ತಿಗೆ ಕುರಿ ಸಾಕಣೆ, ಬೇಸಾಯ, ಮರದ ವ್ಯಾಪಾರ ಸೇರಿ ವರ್ಮಾಂಟ್‌ನ ಹೆಚ್ಚಿನ ಭಾಗ ಬೋಳಾಗಿತ್ತು. ಅಳಿದುಳಿದ ಕರಡಿಗಳು ಬೆಟ್ಟದ ನೆತ್ತಿ ಸೇರಿದ್ದವು. ಆಮೇಲೆ ರೈತರು ಕಲ್ಲು ತುಂಬಿದ ಹೊಲ ಬಿಟ್ಟು ಪಶ್ಚಿಮಕ್ಕೆ ಹೋದರು. ಬಿಟ್ಟ ಹೊಲದಲ್ಲಿ ಮರ ಎದ್ದಿತು. ಈಗ ರಾಜ್ಯದ ಸುಮಾರು ಮುಕ್ಕಾಲು ಭಾಗ ಕಾಡು. ಕಾಡಿನ ಜೊತೆ ಕರಡಿಯೂ ಕೆಳಗಿಳಿಯಿತು. ರಾಜ್ಯದಲ್ಲಿ ಈಗ ಸಾವಿರಾರು ಕಪ್ಪು ಕರಡಿಗಳಿವೆ. ಕಪ್ಪು ಕರಡಿ ಅನ್ನೋದು ಉತ್ತರ ಅಮೆರಿಕದ ಒಂದು ಜಾತಿ, ನಮ್ಮ ಕಾಡಿನ ಕರಡಿಯಲ್ಲ. ಕರಡಿ ಜಾಗಕ್ಕೆ ನಾವು ಹೋದೆವು ಅನ್ನೋ ಮಾತು ಇಲ್ಲಿ ಪೂರ್ತಿ ನಿಜ ಅಲ್ಲ. ಅರ್ಧ ಸಲ ಕರಡಿಯೇ ಹಳೇ ಮನೆಗೆ ವಾಪಸ್ ಬಂದಿದೆ.

ಬಿಸಿ ಮಾರ್ಚ್

ವರ್ಮಾಂಟ್‌ನಲ್ಲಿ ಫೀಡರ್ ಇಡುವುದು ತಪ್ಪಲ್ಲ. ಚಳಿಗಾಲದಲ್ಲಿ ಇಡಿ, ವಸಂತ ಬಂದಾಗ ಇಳಿಸಿ ಅನ್ನೋದು ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆಯ ಬಹುಕಾಲದ ಮಾತು. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಅಂತ ಜನ ಲೆಕ್ಕ ಇಟ್ಟುಕೊಂಡಿದ್ದರು. ಆ ಲೆಕ್ಕದ ಪ್ರಕಾರ ನೋಡಿದರೂ ಗವರ್ನರ್ ಹಿತ್ತಲು ಒಂದೂವರೆ ವಾರ ತಡವಾಗಿತ್ತು. ಬಹಳಷ್ಟು ಮನೆಗಳಲ್ಲಿ ಇದೇ ಕಥೆ. ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳುತ್ತದೆ, ಪಾಪ ಹಕ್ಕಿಗೆ ಏನು ಸಿಗುತ್ತೆ ಅಂತ ಇನ್ನೊಂದು ವಾರ ಬಿಡುತ್ತಾರೆ.

ಆದರೆ 2012 ಮಾಮೂಲಿ ವರ್ಷ ಆಗಿರಲಿಲ್ಲ. ಆ ವರ್ಷದ ಮಾರ್ಚ್, ಅಮೆರಿಕದ ಮುಖ್ಯ ಭೂಭಾಗದಲ್ಲಿ 1895ರಿಂದ ಆವರೆಗಿನ ದಾಖಲೆಯಲ್ಲೇ ಅತಿ ಬಿಸಿಯ ಮಾರ್ಚ್. ವರ್ಮಾಂಟ್‌ನ ಬರ್ಲಿಂಗ್ಟನ್ ನಗರದಲ್ಲಿ ಮಾರ್ಚ್ ಮೂರನೇ ವಾರವೇ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹಿಮ ಇರಬೇಕಾದ ಹೊತ್ತಿನಲ್ಲಿ ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು.

ಕರಡಿ ಕ್ಯಾಲೆಂಡರ್ ನೋಡಿ ಏಳುವುದಿಲ್ಲ. ಚಳಿಗಾಲದ ನಿದ್ದೆಯಲ್ಲಿ ಕಪ್ಪು ಕರಡಿಯ ಎದೆಬಡಿತ ತೀರಾ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಅದು ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮಲಮೂತ್ರವನ್ನೂ ಮಾಡುವುದಿಲ್ಲ. ಆದರೆ ಮೈ ಬಿಸಿ ಇಳಿಯುವುದು ಕೆಲವೇ ಡಿಗ್ರಿ. ಹಾಗಾಗಿ ಬೇಗ ಎಚ್ಚರವಾಗುತ್ತದೆ. ಹಿಮ ಕರಗಿ ಗುಹೆಗೆ ನೀರು ಬಂದರೆ, ಹೊರಗೆ ಬಿಸಿಲು ಏರಿದರೆ, ಎದ್ದು ಹೊರಡುತ್ತದೆ. ಹೊರಗೆ ಬಂದಾಗ ಮೈತೂಕದ ಕಾಲು ಭಾಗದಷ್ಟು ಇಳಿದಿರಬಹುದು. ಮರಿಗೆ ಹಾಲೂಡಿದ ತಾಯಿ ಇನ್ನೂ ಜಾಸ್ತಿ ಇಳಿದಿರುತ್ತಾಳೆ.

ಎದ್ದ ತಕ್ಷಣ ತಿನ್ನಲು ಏನಿದೆ? ಹೆಚ್ಚೇನಿಲ್ಲ. ಹಣ್ಣು ಬರುವುದು ಬೇಸಿಗೆಗೆ. ಬೀಚ್ ಮರದ ಕಾಯಿ, ಓಕ್ ಕಾಯಿ ಶರತ್ಕಾಲಕ್ಕೆ. ಏಪ್ರಿಲ್‌ನಲ್ಲಿ ಸಿಗುವುದು ಜೌಗು ನೆಲದ ಎಳೇ ಸೊಪ್ಪು, ಮರದ ಮೊಗ್ಗು, ಹಿಂದಿನ ವರ್ಷ ಉದುರಿ ಕೊಳೆಯದೆ ಉಳಿದ ಕಾಯಿ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಎದ್ದ ಮೇಲೂ ಕೆಲವು ವಾರ ಕರಡಿ ತೂಕ ಕಳೆದುಕೊಳ್ಳುತ್ತಲೇ ಇರುತ್ತದೆ.

ಅಂಥ ಹೊತ್ತಿನಲ್ಲಿ ಹಿತ್ತಲಲ್ಲಿ ಫೀಡರ್. ಉಪವಾಸ ಬಿಟ್ಟವನ ಮುಂದೆ ಹೋಳಿಗೆ ಬುಟ್ಟಿ ಇಟ್ಟ ಹಾಗೆ.

ಡಬ್ಬಿಯೊಳಗೆ ಏನಿರುತ್ತದೆ

ಫೀಡರ್ ನೋಡದವರಿಗೆ ಎರಡು ಮಾತು. ಸಾಮಾನ್ಯವಾಗಿ ಅದೊಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಪಕ್ಕದಲ್ಲಿ ಸಣ್ಣ ಸಣ್ಣ ಕಿಂಡಿ, ಕಿಂಡಿಯ ಕೆಳಗೆ ಹಕ್ಕಿ ಕೂರಲು ಕಡ್ಡಿ. ಇಲ್ಲವೇ ಮನೆ ಆಕಾರದ ಮರದ ಪೆಟ್ಟಿಗೆ. ಕೊಕ್ಕೆಯಂತೆ ಬಾಗಿದ ಕಬ್ಬಿಣದ ಸರಳಿಗೆ ಅಥವಾ ಮರದ ಕೊಂಬೆಗೆ ತೂಗುಹಾಕುತ್ತಾರೆ. ಪಕ್ಕದಲ್ಲಿ ತಂತಿಯ ಪಂಜರದಲ್ಲಿ ದನದ ಕೊಬ್ಬಿನ ಬಿಲ್ಲೆ ಇಡುವುದೂ ಉಂಟು. ಮರಕುಟಿಗಕ್ಕೆ ಅದೆಂದರೆ ಪ್ರಾಣ.

ಒಳಗೆ ತುಂಬುವುದು ಬಹುಪಾಲು ಕಪ್ಪು ಸೂರ್ಯಕಾಂತಿ ಬೀಜ. ನಾವು ಎಣ್ಣೆ ತೆಗೆಯುವ ಅದೇ ಬೀಜ. ಗೋಲ್ಡ್‌ಫಿಂಚ್ ಅನ್ನೋ ಹಳದಿ ಹಕ್ಕಿಗೆ ಬೇರೆ ಫೀಡರ್, ಅದರಲ್ಲಿ ಹುಚ್ಚೆಳ್ಳು. ಹೌದು, ನಮ್ಮ ಹುಚ್ಚೆಳ್ಳೇ. ಚಟ್ನಿಪುಡಿಯ ಹುಚ್ಚೆಳ್ಳು ಅಲ್ಲಿ ಹಕ್ಕಿ ಕಾಳು. ಭಾರತದಿಂದ, ಇಥಿಯೋಪಿಯದಿಂದ ಹಡಗಲ್ಲಿ ಹೋಗುತ್ತದೆ. ಜೊತೆಗೆ ಕಳೆ ಬೀಜ ಬಂದು ಮೊಳೆಯಬಾರದು ಅಂತ ಅಲ್ಲಿ ಬಿಸಿ ಮಾಡಿ ಕೊಲ್ಲುವ ನಿಯಮ ಇದೆ.

ಎಲ್ಲವೂ ಎಣ್ಣೆ ಕಾಳು. ಮೂರು ಕಿಲೋ ಚಿಲ್ಲರೆ ಸೂರ್ಯಕಾಂತಿ ಹಿಡಿಸುವ ಒಂದು ದೊಡ್ಡ ಫೀಡರ್‌ನಲ್ಲಿ ಸುಮಾರು 12,000 ಕ್ಯಾಲೊರಿ ಇರುತ್ತದೆ. ಚಳಿಗಾಲಕ್ಕೆ ಮುಂಚೆ ಹಗಲೂ ರಾತ್ರಿ ತಿಂದು ಕೊಬ್ಬು ಕೂಡಿಸುವ ಕರಡಿಗೆ ದಿನಕ್ಕೆ 20,000 ಕ್ಯಾಲೊರಿ ಬೇಕು ಅನ್ನುತ್ತಾರೆ. ಅಂದರೆ ಅತಿ ಹಸಿವಿನ ದಿನದ ಅರ್ಧಕ್ಕಿಂತ ಜಾಸ್ತಿ ಊಟ ಒಂದೇ ಡಬ್ಬಿಯಲ್ಲಿ, ಹತ್ತು ನಿಮಿಷದ ಕೆಲಸಕ್ಕೆ. ಕಾಡಲ್ಲಿ ಅಷ್ಟು ಸಂಪಾದಿಸಲು ದಿನವೆಲ್ಲ ಸೊಪ್ಪು ಜಗಿದರೂ ಸಾಲದು. ಕರಡಿ ಮೂಗು ಒಂದು ಮೈಲಿಗಿಂತ ದೂರದ ವಾಸನೆ ಹಿಡಿಯುತ್ತದೆ. ಹಬ್ಬರ್ಡ್ ಪಾರ್ಕಿನಷ್ಟು ಕಾಡನ್ನು ದಾಟಲು ಅದಕ್ಕೆ ಎಷ್ಟು ಹೊತ್ತು ಬೇಕು?

ಕರಡಿ ಬಂದು ಹೋದ ಹಿತ್ತಲನ್ನು ಬೆಳಗ್ಗೆ ನೋಡಿದರೆ ಗೊತ್ತಾಗುತ್ತದೆ. ಕಬ್ಬಿಣದ ಸರಳು ನೆಲಕ್ಕೆ ತಲೆ ಹಚ್ಚಿರುತ್ತದೆ. ಕೊಳವೆ ನಡುವೆ ಸೀಳಿರುತ್ತದೆ, ಮುಚ್ಚಳ ಬೇಲಿ ಹತ್ತಿರ ಸಿಗುತ್ತದೆ. ಕೊಬ್ಬಿನ ಪಂಜರ ಕೆಲವು ಸಲ ಸಿಗುವುದೇ ಇಲ್ಲ, ಹೊತ್ತುಕೊಂಡೇ ಹೋಗಿರುತ್ತದೆ. ನೆಲದ ಮೇಲೆ ಚೆಲ್ಲಿದ ಕಾಳನ್ನು ನಾಲಿಗೆಯಲ್ಲಿ ನೆಕ್ಕಿ, ತುಟಿಯಲ್ಲಿ ಆರಿಸಿ ತಿಂದಿರುತ್ತದೆ. ಸ್ವಲ್ಪ ದೂರದಲ್ಲಿ ಬಿದ್ದ ಕರಡಿ ಲದ್ದಿಯಲ್ಲಿ ಸೂರ್ಯಕಾಂತಿ ಸಿಪ್ಪೆ ಹಾಗೇ ಕಾಣುತ್ತದೆ. ಸಾಕ್ಷಿಗೆ ಬೇರೆ ಕ್ಯಾಮೆರಾ ಬೇಡ.

ನಾಲ್ಕು ಕರಡಿ ಅಂದರೆ ಯಾರು ಯಾರು?

ಇದು ನನ್ನ ಊಹೆ, ಆದರೆ ಆಧಾರ ಇದೆ. ದೊಡ್ಡ ಕಪ್ಪು ಕರಡಿಗಳು ಗುಂಪಾಗಿ ತಿರುಗುವುದಿಲ್ಲ. ನಾಲ್ಕು ಒಟ್ಟಿಗೆ ಕಂಡವು ಅಂದರೆ ಬಹುತೇಕ ಒಬ್ಬ ತಾಯಿ, ಮೂರು ಮರಿ. ಮರಿ ಹುಟ್ಟುವುದು ಜನವರಿ ಹೊತ್ತಿಗೆ, ಗುಹೆಯೊಳಗೆ. ಹುಟ್ಟಿದಾಗ ಕಾಲು ಕಿಲೋ ಆಸುಪಾಸು. ತಾಯಿಯ ಜೊತೆ ಸುಮಾರು ಒಂದೂವರೆ ವರ್ಷ ಇರುತ್ತವೆ. ಹೀಗಾಗಿ ಏಪ್ರಿಲ್‌ನಲ್ಲಿ ತಾಯಿ ಹಿಂದೆ ಇರುವವು ಒಂದೋ ಅದೇ ವರ್ಷದ ಕೈಕೂಸು, ಇಲ್ಲ ಹಿಂದಿನ ವರ್ಷ ಹುಟ್ಟಿ ನಾಯಿಯಷ್ಟು ಬೆಳೆದ ಮರಿ. ಗವರ್ನರ್ ಕಣ್ಣಿಗೆ ನಾಲ್ಕೂ ಕರಡಿ ಅಂತಲೇ ಕಂಡಿವೆ. ಹಾಗಾಗಿ ಹಿಂದಿನ ವರ್ಷದ ಮರಿಗಳು ಅಂತ ನನ್ನ ಅಂದಾಜು.

ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಫೀಡರ್‌ನ ನಷ್ಟ ಇರುವುದು ಅಲ್ಲೇ. ಮರಿಗಳು ಊಟದ ದಾರಿ ಕಲಿಯುವುದು ತಾಯಿ ಹಿಂದೆ ಓಡಾಡಿ. ಯಾವ ಜೌಗಿನಲ್ಲಿ ಯಾವಾಗ ಸೊಪ್ಪು, ಯಾವ ಗುಡ್ಡದಲ್ಲಿ ಯಾವಾಗ ಕಾಯಿ ಅನ್ನೋದರ ಜೊತೆಗೆ, ಯಾವ ಹಿತ್ತಲಲ್ಲಿ ಕಾಳು ಅನ್ನೋದನ್ನೂ ಕಲಿಯುತ್ತವೆ. ಕರಡಿಗೆ ನೆನಪು ಜೋರು. ಇನ್ನು ಒಂದೆರಡು ತಿಂಗಳಲ್ಲಿ ಆ ಮೂರು ಮರಿ ತಾಯಿಯನ್ನು ಬಿಟ್ಟು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಮೂರಕ್ಕೂ ಮನೆ ಅಂದರೆ ಊಟ ಅಂತ ಗೊತ್ತಿರುತ್ತದೆ. ಮೊದಲು ಫೀಡರ್, ಆಮೇಲೆ ಕಸದ ಡಬ್ಬಿ, ಕೋಳಿ ಗೂಡು, ಕೊನೆಗೆ ಅಡುಗೆಮನೆ ಕಿಟಕಿ. ಅಷ್ಟರಲ್ಲಿ ಯಾರೋ ಬಂದೂಕು ಎತ್ತಿರುತ್ತಾರೆ. ಹಿಡಿದು ದೂರದ ಕಾಡಿಗೆ ಬಿಟ್ಟರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಿಟ್ಟ ಕರಡಿ ನೂರಾರು ಕಿಲೋಮೀಟರ್ ನಡೆದು ವಾಪಸ್ ಬಂದದ್ದುಂಟು. ಬರದಿದ್ದರೂ ಹೋದ ಕಡೆ ಇನ್ನೊಂದು ಮನೆ ಹುಡುಕುತ್ತದೆ.

ನುಗ್ಗಿದ್ದು ನಿಜವೋ ಬೆದರಿಕೆಯೋ

ಕಪ್ಪು ಕರಡಿ ಹೆದರಿದಾಗ ಜೋರಾಗಿ ಉಸಿರು ಬಿಡುತ್ತದೆ, ಹಲ್ಲು ಕಟಕಟ ಅನ್ನಿಸುತ್ತದೆ, ಮುಂಗಾಲಿಂದ ನೆಲಕ್ಕೆ ಬಡಿಯುತ್ತದೆ. ಅದಕ್ಕೂ ಎದುರಿನವರು ಹೋಗದಿದ್ದರೆ ನಾಲ್ಕು ಹೆಜ್ಜೆ ನುಗ್ಗಿ ನಿಲ್ಲುತ್ತದೆ. ಬಹುಪಾಲು ನುಗ್ಗುವಿಕೆ ಇಂಥ ಬೆದರಿಕೆಯೇ. ಮರಿ ಇರುವ ತಾಯಿ ಕಪ್ಪು ಕರಡಿ ಸಾಮಾನ್ಯವಾಗಿ ಮರಿಗಳನ್ನು ಮರ ಹತ್ತಿಸಿ ತಾನು ಕೆಳಗೆ ಗದ್ದಲ ಮಾಡುತ್ತಾಳೆ. ಮೈಮೇಲೆ ಬೀಳುವುದು ಕಡಿಮೆ.

ಅಂಕಿಸಂಖ್ಯೆಯೂ ಇದನ್ನೇ ಹೇಳುತ್ತದೆ. ಕರಡಿ ದಾಳಿಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 1900ರಿಂದ 2009ರವರೆಗೆ ಅಮೆರಿಕ, ಕೆನಡಾ ಸೇರಿ ಕಾಡಿನ ಕಪ್ಪು ಕರಡಿಯಿಂದ ಸತ್ತವರು 63 ಜನ. 110 ವರ್ಷದಲ್ಲಿ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೇಟೆಯ ರೀತಿ ಬಂದ ಒಂಟಿ ಗಂಡು ಕರಡಿಗಳು. ಮರಿ ಇರುವ ತಾಯಿ ಅನ್ನೋ ಸಿನಿಮಾ ಭಯಕ್ಕೆ ಅಲ್ಲಿ ಹೆಚ್ಚು ಆಧಾರ ಸಿಗಲಿಲ್ಲ.

ಹಾಗಾದರೆ ಗವರ್ನರ್‌ಗೆ ಅಪಾಯವೇ ಇರಲಿಲ್ವಾ? ನಾನು ಹಾಗೆ ಹೇಳಲ್ಲ. ಸರಾಸರಿ ಲೆಕ್ಕ ಕತ್ತಲೆಯಲ್ಲಿ ಬರಿಗಾಲಲ್ಲಿ ನಿಂತವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮೂರು ಸಂಗತಿ ಒಟ್ಟಿಗೆ ಸೇರಿದ್ದವು. ತಾಯಿ, ಮರಿ, ಕಾಯ್ದುಕೊಳ್ಳಲು ಒಂದು ಊಟ. ನಡುವೆ ನುಗ್ಗಿದ ಮನುಷ್ಯ ಆ ಮೂರಕ್ಕೂ ಅಡ್ಡ. ವರ್ಮಾಂಟ್‌ನಲ್ಲಿ ಕರಡಿ ಮನುಷ್ಯರ ಮೇಲೆ ಬೀಳುವುದು ತೀರಾ ಅಪರೂಪ. ಆದರೂ 2022ರ ನವೆಂಬರ್‌ನಲ್ಲಿ ವಿನ್‌ಹಾಲ್ ಅನ್ನೋ ಊರಲ್ಲಿ, ರಾತ್ರಿ ನಾಯಿಯನ್ನು ಹೊರಗೆ ಬಿಡಲು ಬಂದ ಮಹಿಳೆಯ ಮೇಲೆ ಮರಿ ಇದ್ದ ತಾಯಿ ಕರಡಿ ಬಿದ್ದು ಗಾಯ ಮಾಡಿತು. ಅಪರೂಪ ಅಂದರೆ ಇಲ್ಲ ಅಂತಲ್ಲ.

ತಪ್ಪಿದ್ದು ಎಲ್ಲಿ

ಈಗ ಆ ತಿರುವಿಗೆ ಬರೋಣ. ಎರಡು ಜಾಗದಲ್ಲಿ ತಪ್ಪಿತು ಅಂತ ನನಗನಿಸುತ್ತದೆ.

ಒಂದು, ಮಾರ್ಚ್‌ನಲ್ಲಿ. ಬಿಸಿಲು ಏರಿ, ಹಿಮ ಕರಗಿ, ಜನ ಹೊರಗೆ ಬಂದಾಗಲೇ ಕರಡಿಯೂ ಹೊರಗೆ ಬಂದಿರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಫೀಡರ್ ಇಳಿಸುವ ದಿನವನ್ನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡುವುದೇ ಈ ಸಮಸ್ಯೆಯ ಬೇರು. ಅಂಗಳ ನೋಡಿ ಮಾಡಬೇಕು. ಈಗೀಗ ವರ್ಮಾಂಟ್ ಇಲಾಖೆಯೂ ಮಾರ್ಚ್ ಮಧ್ಯದಿಂದಲೇ ಇಳಿಸಿ ಅನ್ನುತ್ತಿದೆ.

ಎರಡು, ಕರಡಿಗಳು ಹಿಂದೆ ಸರಿದ ಆ ಒಂದು ಕ್ಷಣ. ಕತ್ತಲಲ್ಲಿ ಕಣ್ಣಿಗೆ ಕಾಣದ ಕರಡಿ ಹೋಗಿದೆ ಅಂತ ಅರ್ಥ ಅಲ್ಲ. ಬಹುತೇಕ ಸಲ ಅದು ಹತ್ತು ಹದಿನೈದು ಹೆಜ್ಜೆ ಆಚೆ ಮರದ ಹಿಂದೆ ನಿಂತು ನೋಡುತ್ತಿರುತ್ತದೆ. ಊಟ ಇನ್ನೂ ಅಲ್ಲೇ ಇದೆ, ಹೋಗುವುದು ಯಾಕೆ? ಆ ರಾತ್ರಿ ಫೀಡರ್ ಹೋಗಲಿ ಅಂತ ಬಿಟ್ಟುಬಿಡುವುದೇ ಸರಿ. ಇದು ಕೇಳಲು ವಿಚಿತ್ರ ಅನಿಸುತ್ತದೆ. ಬಿಟ್ಟರೆ ಕರಡಿಗೆ ಅಭ್ಯಾಸ ಆಗಲ್ವಾ ಅಂತ ಕೇಳಬಹುದು. ಒಂದು ಸಲ ತಿಂದಾಗಿದೆ, ಅಭ್ಯಾಸಕ್ಕೆ ಬೀಜ ಬಿದ್ದಾಗಿದೆ. ಅರ್ಧ ಡಬ್ಬಿ ಉಳಿಸಿಕೊಂಡರೆ ಅದು ಬದಲಾಗುವುದಿಲ್ಲ. ಅದು ಬದಲಾಗುವುದು ಮಾರನೇ ರಾತ್ರಿ ಕರಡಿ ಬಂದು ಏನೂ ಸಿಗದೆ ವಾಪಸ್ ಹೋದಾಗ, ಅದರ ಮಾರನೇ ರಾತ್ರಿಯೂ ಹಾಗೇ ಆದಾಗ.

ಆದ್ದರಿಂದ ಕೆಲಸ ಇರುವುದು ಬೆಳಗ್ಗೆ. ಬೆಳಕು ಹರಿದ ಮೇಲೆ, ಸುತ್ತ ನೋಡಿಕೊಂಡು ಹೊರಗೆ ಹೋಗಿ ಎಲ್ಲ ಫೀಡರ್ ಇಳಿಸಬೇಕು. ಖಾಲಿ ಡಬ್ಬಿಯನ್ನೂ ಬಿಡಬಾರದು, ವಾಸನೆ ಸಾಕು. ಕೆಳಗೆ ಬಿದ್ದ ಸಿಪ್ಪೆ, ಕಾಳು ಗುಡಿಸಿ ತೆಗೆಯಬೇಕು. ಕಾಳಿನ ಚೀಲವನ್ನು ಶೆಡ್ಡಿನಲ್ಲಿ ಇಟ್ಟಿದ್ದರೆ ಮನೆಯೊಳಗೆ ತರಬೇಕು. ಅಕ್ಕಪಕ್ಕದವರಿಗೂ ಹೇಳಬೇಕು. ಎಲ್ಲಕ್ಕಿಂತ ಕಷ್ಟದ್ದು ಇದೇ. ನೀವು ಇಳಿಸಿ ಪಕ್ಕದ ಮನೆಯವರು ಬಿಟ್ಟರೆ ಕರಡಿ ನಿಮ್ಮ ಹಿತ್ತಲು ದಾಟಿಯೇ ಅಲ್ಲಿಗೆ ಹೋಗುತ್ತದೆ. ಕೊಲರಾಡೊದ ಡುರಾಂಗೊ ಊರಿನಲ್ಲಿ ಕೆಲವು ಬಡಾವಣೆಗಳಿಗೆ ಕರಡಿ ತೆರೆಯಲಾಗದ ಕಸದ ಡಬ್ಬಿ ಕೊಟ್ಟು, ಕೊಡದ ಬಡಾವಣೆಗಳ ಜೊತೆ ಹೋಲಿಸಿ ನೋಡಿದರು. ಡಬ್ಬಿ ಸಿಕ್ಕ ಕಡೆ ಕಸಕ್ಕಾಗಿ ಕರಡಿ ಕಾಟ ಶೇಕಡ 60ರಷ್ಟು ಕಡಿಮೆ ಇತ್ತು. ಒಂದೊಂದೇ ಮನೆ ಮಾಡಿದ್ದಲ್ಲ, ಬೀದಿ ಬೀದಿಯೇ ಮಾಡಿದ್ದು.

ಎತ್ತರದಲ್ಲಿ ಕಟ್ಟಿದರೆ ಆಗಲ್ವಾ? ಹತ್ತು ಅಡಿ ಎತ್ತರ, ಮರದಿಂದ ದೂರ ಅಂತ ಸಲಹೆಗಳಿವೆ. ಕರಡಿ ಮರ ಹತ್ತುತ್ತದೆ, ಸರಳು ಬಗ್ಗಿಸುತ್ತದೆ, ಹಗ್ಗ ಎಳೆಯುತ್ತದೆ. ಗಟ್ಟಿಯಾಗಿ ಕಟ್ಟಿದರೂ ಹಕ್ಕಿಗಳು ಕೆಳಗೆ ಕಾಳು ಚೆಲ್ಲುತ್ತಲೇ ಇರುತ್ತವೆ. ನನಗಂತೂ ಈ ಉಪಾಯದಲ್ಲಿ ನಂಬಿಕೆ ಇಲ್ಲ.

ಹಕ್ಕಿಯ ಪಾಡೇನು

ಫೀಡರ್ ಇಳಿಸದೆ ಇರುವುದಕ್ಕೆ ಜನ ಕೊಡುವ ಮುಖ್ಯ ಕಾರಣ ಹಕ್ಕಿ ಮೇಲಿನ ಕರುಣೆ. ಅಮೆರಿಕದಲ್ಲಿ ಐದು ಕೋಟಿಗೂ ಜಾಸ್ತಿ ಜನ ಹಕ್ಕಿಗೆ ಕಾಳಿಡುತ್ತಾರೆ. ಅದರಲ್ಲಿ ಪ್ರೀತಿ ಇದೆ, ಸುಳ್ಳಲ್ಲ. ಆದರೆ ವಿಸ್ಕಾನ್ಸಿನ್‌ನಲ್ಲಿ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಅನ್ನೋ ವಿಜ್ಞಾನಿಗಳು ಚಿಕಡೀ ಅನ್ನೋ ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿಯನ್ನು ಚಳಿಗಾಲದಲ್ಲಿ ಹಿಂಬಾಲಿಸಿ ನೋಡಿದಾಗ, ಫೀಡರ್‌ಗೆ ಬರುವ ಹಕ್ಕಿಗಳೂ ದಿನದ ಆಹಾರದ ಐದನೇ ಒಂದು ಭಾಗದಷ್ಟನ್ನು ಮಾತ್ರ ಅಲ್ಲಿಂದ ಪಡೆಯುತ್ತಿದ್ದವು. ಫೀಡರ್ ತೆಗೆದ ಮೇಲೂ ಅವು ಕಾಡಿನ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದವು. ಇದು ಚಳಿಗಾಲದ ಮಾತು. ವಸಂತದಲ್ಲಿ ಹುಳ, ಮೊಗ್ಗು ಬಂದ ಮೇಲೆ ಕೇಳಬೇಕೇ? ಮರಿಗಳಿಗೆ ಹೆಚ್ಚಿನ ಹಕ್ಕಿಗಳು ಹುಳವನ್ನೇ ಕೊಡುತ್ತವೆ.

ಏಪ್ರಿಲ್ ನಂತರದ ಫೀಡರ್ ಇರುವುದು ನಮ್ಮ ಖುಷಿಗೆ. ಅದನ್ನು ಒಪ್ಪಿಕೊಂಡರೆ ಅರ್ಧ ವಾದ ಮುಗಿಯಿತು. ಖುಷಿ ಬೇಕಾದರೆ ಹಿತ್ತಲಲ್ಲಿ ನೀರಿನ ಬಟ್ಟಲು ಇಡಬಹುದು. ನೀರಿಗೆ ಹಕ್ಕಿ ಬರುತ್ತದೆ, ಊಟ ಹುಡುಕಿ ಕರಡಿ ಬರುವುದಿಲ್ಲ.

ವರ್ಮಾಂಟ್ ಕಾನೂನಿನಲ್ಲಿ ಈಗ ಕರಡಿಗೆ ತಿನ್ನಿಸುವುದು ಅಪರಾಧ. ಆಸ್ತಿ ಕಾಪಾಡಲು ಅಂತ ಕರಡಿಯನ್ನು ಕೊಲ್ಲುವ ಮೊದಲು, ಬೇರೆ ಎಲ್ಲ ಸರಿಯಾದ ಕ್ರಮ ತೆಗೆದುಕೊಂಡಿರಬೇಕು. ಫೀಡರ್ ತೂಗಾಡಿಸಿಕೊಂಡು ಕರಡಿ ಬಂತು, ಗುಂಡು ಹೊಡೆದೆ ಅಂದರೆ ನಡೆಯುವುದಿಲ್ಲ.

ಅಲ್ಲಿರುವ ನಮ್ಮವರಿಗೆ

ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಕಡೆ ಮನೆ ಮಾಡಿರುವ ಕನ್ನಡದವರು ಬಹಳ ಇದ್ದಾರೆ. ನ್ಯೂಜೆರ್ಸಿಯ 21 ಕೌಂಟಿಗಳಲ್ಲೂ ಕರಡಿ ಕಾಣಿಸಿದೆ. ಊರಿಂದ ಬಂದ ಅಪ್ಪ ಅಮ್ಮ ಡೆಕ್ ಮೇಲೆ ಮಿಕ್ಕಿದ ಅನ್ನ ಇಡುತ್ತಾರೆ, ಅಳಿಲಿಗೆ ಕಡಲೆಬೀಜ ಹಾಕುತ್ತಾರೆ. ಮನಸ್ಸು ಒಳ್ಳೆಯದೇ. ಕರಡಿ ಲೆಕ್ಕದಲ್ಲಿ ಅದೂ ಫೀಡರ್.

ಕರಡಿ ಅಂದ ತಕ್ಷಣ ನಮಗೆ ಹೊಳೆಯುವುದು ಹಂಪಿ ಹತ್ತಿರದ ದರೋಜಿ. ಅಲ್ಲಿ ಬಂಡೆಗೆ ಬೆಲ್ಲದ ಮಿಶ್ರಣ ಸವರಿ ಕರಡಿ ಬರುವುದನ್ನು ಗೋಪುರದಿಂದ ತೋರಿಸುತ್ತಾರೆ. ಆ ನೆನಪಿನಿಂದ ಕಪ್ಪು ಕರಡಿಯನ್ನು ಅಳೆಯಬೇಡಿ, ಅದೇ ರೀತಿ ಕಪ್ಪು ಕರಡಿಯ ಪಾಠವನ್ನು ಇಲ್ಲಿಗೂ ತರಬೇಡಿ. ನಮ್ಮ ಕರಡಿ ಹುಲಿ ಇರುವ ಕಾಡಲ್ಲಿ ಬೆಳೆದದ್ದು. ಮರ ಹತ್ತಿ ತಪ್ಪಿಸಿಕೊಳ್ಳುವುದಕ್ಕಿಂತ ತಿರುಗಿ ಬೀಳುವುದು ಅದರ ರೂಢಿ. ಕೂಗಿದರೆ ಹಿಂದೆ ಸರಿಯುವ ಪ್ರಾಣಿ ಅಂತ ಅದನ್ನು ನಂಬಿ ಯಾರೂ ಬಾಗಿಲಾಚೆ ಹೋಗಬಾರದು.

ಇನ್ನೊಂದು ಮಾತು ಯಾವ ಇಲಾಖೆಯ ಕರಪತ್ರದಲ್ಲೂ ಇರಲಿಕ್ಕಿಲ್ಲ. ಪಿತೃಪಕ್ಷ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕರಡಿ ದಿನಕ್ಕೆ 20,000 ಕ್ಯಾಲೊರಿ ಹುಡುಕಿಕೊಂಡು ತಿರುಗುವುದೂ ಆಗಲೇ. ಕಾಗೆಗೆ ಅಂತ ಹಿತ್ತಲಲ್ಲಿ ಇಟ್ಟ ಅನ್ನ, ವಡೆ, ಪಾಯಸ ಸಂಜೆಯವರೆಗೆ ಅಲ್ಲೇ ಇದ್ದರೆ ಯಾರು ಬರುತ್ತಾರೆ ಅಂತ ಹೇಳಬೇಕಾಗಿಲ್ಲ. ಅಮೆರಿಕದಲ್ಲೂ ಕಾಗೆಗೆ ಬರವಿಲ್ಲ. ಹಗಲಲ್ಲಿ, ಕಣ್ಣಳತೆಯಲ್ಲಿ ಎಡೆ ಇಡಿ. ಕಾಗೆ ಮುಟ್ಟಿದ ಮೇಲೆ, ಅಥವಾ ಒಂದು ಗಂಟೆ ಕಾದ ಮೇಲೆ, ಎಲೆ ಸಮೇತ ಎತ್ತಿ ಮನೆಯೊಳಗಿನ ಕಸದ ಚೀಲಕ್ಕೆ ಹಾಕಿ. ಕೆಳಗೆ ಬಿದ್ದ ಅಗುಳನ್ನೂ ಗುಡಿಸಿ. ಡೆಕ್‌ಗೆ ಒಂದು ಬಕೆಟ್ ನೀರು ಹೊಯ್ಯಿರಿ, ಪಾಯಸದ ವಾಸನೆಯೂ ಹೋಗಲಿ.